ಪದಚರ್ಚೆ: ‘ಕಾರ್ಡ್ ಕೌಂಟಿಂಗ್’ – ಎಲೆ ಎಣಿಕೆಯೋ, ಎಲೆ ಲೆಕ್ಕವೋ? ‘ಶಿಲ್ಕು’ ಒಪ್ಪುತ್ತದೆಯೇ?

ಬಳಗದವರಿಗೆ ನಮಸ್ಕಾರ.

ಬ್ಲ್ಯಾಕ್‌ಜ್ಯಾಕ್ ಆಟದಲ್ಲಿ ಬಿದ್ದ ಎಲೆಗಳ ಮೇಲೆ ಕಣ್ಣಿಟ್ಟು, ಇನ್ನು ಉಳಿದಿರುವ ಎಲೆಗಳು ಆಡುವವನಿಗೆ ಒಲಿದಾವೋ ಹಂಚುವವನಿಗೆ ಒಲಿದಾವೋ ಎಂದು ಅಂದಾಜು ಮಾಡುವ ಲೆಕ್ಕಾಚಾರವೊಂದಿದೆಯಲ್ಲ, ಇಂಗ್ಲಿಷಿನವರು ಕಾರ್ಡ್ ಕೌಂಟಿಂಗ್ ಅನ್ನುವುದು, ಅದನ್ನು ಹೊಸಬರಿಗೆ ವಿವರಿಸುವ ಬರಹವೊಂದು ಕೈಯಲ್ಲಿದೆ. ಸಂಭವನೀಯತೆ ಎಂದರೆ ಓಡಿಹೋಗುವವರನ್ನು ಹಿಡಿದು ಕೂರಿಸಲು ಇಸ್ಪೀಟಿಗಿಂತ ಒಳ್ಳೆಯ ನೆಪ ಸಿಗದು. ಗಣಿತ ಸುಲಭವಾಗಿ ಸಾಗುತ್ತಿದೆ, ತೊಡಕೆಲ್ಲ ಪದಗಳದ್ದು.

ಮೊದಲು ಬಾಯಿಗೆ ಬರುವುದು ‘ಎಲೆ ಎಣಿಕೆ’. ಇದರಲ್ಲಿ ‘ಎಲೆ’ಯ ಬಗ್ಗೆ ನನ್ನ ತಕರಾರಿಲ್ಲ. ನಮ್ಮ ಕಡೆ ಇಸ್ಪೀಟಾಡುವವರು ಎಲೆ ಕಲೆಸುತ್ತಾರೆ, ಎಲೆ ಹಂಚುತ್ತಾರೆ, ಎಲೆ ಇಳಿಸುತ್ತಾರೆ, ಸೋತು ಎದ್ದಾಗ ‘ಇವತ್ತು ಎಲೆನೇ ಬೀಳಲಿಲ್ಲ’ ಅನ್ನುತ್ತಾರೆ. ತಕರಾರು ಇರುವುದು ‘ಎಣಿಕೆ’ಯ ಮೇಲೆ. ಎಲೆ ಎಣಿಸುವುದು ಅಂದಾಕ್ಷಣ ನನಗೆ ನೆನಪಾಗುವುದು ಮದುವೆ ಮನೆಯ ಅಡುಗೆ ಕಂತ್ರಾಟುದಾರ. ಎಷ್ಟು ಎಲೆ ಬಿತ್ತು ಎನ್ನುವುದರ ಮೇಲೆಯೇ ಅವನ ಬಿಲ್ಲು. ‘ಎಂಜಲೆಲೆ ಎತ್ತೋ ಗುಂಡ ಅಂದ್ರೆ ಉಂಡೋರೆಷ್ಟು ಅಂದ’ ಅನ್ನುವ ಗಾದೆಯ ಗುಂಡನಿಗೆ ಬೇಕಾಗಿದ್ದದ್ದೂ ಅದೇ, ಒಟ್ಟು ಸಂಖ್ಯೆ. ಬ್ಲ್ಯಾಕ್‌ಜ್ಯಾಕ್ ಮೇಜಿನಲ್ಲಿ ಕೂತು ಈ ವಿದ್ಯೆ ನಡೆಸುವವನಿಗೆ ಒಟ್ಟು ಎಷ್ಟು ಎಲೆ ಬಿತ್ತೆಂಬ ನಿಖರ ಸಂಖ್ಯೆ ಬೇಕಾಗಿಯೇ ಇಲ್ಲ. ಯಾವ ಎಲೆ ಹೋಯಿತು, ಯಾವುದು ಉಳಿಯಿತು ಎಂಬ ಪಟ್ಟಿಯೂ ಅವನ ತಲೆಯಲ್ಲಿರುವುದಿಲ್ಲ.

ಬರಹದ ಮೊದಲ ಪುಟ ಓದಿದ ನನ್ನ ಅಕ್ಕನ ಮಗ ಕೇಳಿದ್ದು: “ಮಾಮಾ, ಆರು ಪ್ಯಾಕ್ ಅಂದ್ರೆ 312 ಎಲೆ. ಅಷ್ಟೂ ನೆನಪಿಟ್ಕೊಳ್ಳೋಕೆ ಆಗುತ್ತಾ?” ಸ್ಟ್ಯಾಟಿಸ್ಟಿಕ್ಸ್ ಓದುತ್ತಿರುವ ಹುಡುಗ, ದಡ್ಡನಲ್ಲ. ಆ ಪ್ರಶ್ನೆ ಹುಟ್ಟಿಸಿದ್ದು ‘ಎಣಿಕೆ’ ಅನ್ನುವ ಪದ.

ಆಟ ಗೊತ್ತಿಲ್ಲದವರಿಗಾಗಿ ಸ್ವಲ್ಪ ವಿವರಿಸುತ್ತೇನೆ, ಇಲ್ಲದಿದ್ದರೆ ನನ್ನ ಪ್ರಶ್ನೆಗೆ ತಲೆಬುಡ ಇರುವುದಿಲ್ಲ. ರಾಜ, ರಾಣಿ, ಗುಲಾಮನಿಗೆ ತಲಾ 10. ಎಕ್ಕಕ್ಕೆ 1 ಅಥವಾ 11, ಯಾವುದು ಅನುಕೂಲವೋ ಅದು. 21 ಮೀರದೆ ಹಂಚುವವನಿಗಿಂತ ಹೆಚ್ಚು ಮಾಡಿದವನು ಗೆದ್ದ. ಹಂಚುವವನಿಗೆ ಸ್ವಂತ ತೀರ್ಮಾನವಿಲ್ಲ. 16ರವರೆಗೆ ಎಲೆ ಎತ್ತಲೇಬೇಕು, 17 ಮುಟ್ಟಿದ ಮೇಲೆ ನಿಲ್ಲಬೇಕು. ಹಾಗಾಗಿ ಕಲೆಸಿದ ಎಲೆಗಳನ್ನಿಡುವ ಪೆಟ್ಟಿಗೆಯಲ್ಲಿ ದೊಡ್ಡ ಎಲೆಗಳು ದಟ್ಟವಾಗಿದ್ದರೆ 12ರಿಂದ 16ರ ನಡುವೆ ಸಿಕ್ಕಿಕೊಂಡ ಹಂಚುವವನು 21 ಮೀರುವುದು ಜಾಸ್ತಿ. ಆಡುವವನಾದರೋ ಆ ಜಾಗದಲ್ಲಿ ‘ಸಾಕು’ ಅಂದುಬಿಡಬಹುದು. ಜೊತೆಗೆ ಮೊದಲ ಎರಡೇ ಎಲೆಗೆ 21 ಬಿದ್ದರೆ, ಅಂದರೆ ಎಕ್ಕ ಮತ್ತು ಹತ್ತು ಬಿದ್ದರೆ, ಒಳ್ಳೆಯ ಮೇಜುಗಳಲ್ಲಿ ಆಡುವವನಿಗೆ 2 ರೂಪಾಯಿಗೆ 3 ರೂಪಾಯಿ ಸಿಗುತ್ತದೆ. ಹಂಚುವವನಿಗೆ ಹಾಗೆ ಬಿದ್ದರೆ ಅವನಿಗೆ ದಕ್ಕುವುದು ಪಣ ಮಾತ್ರ. ದೊಡ್ಡ ಎಲೆ ಎರಡೂ ಕಡೆಗೆ ಸಮನಾಗಿ ಬಿದ್ದರೂ ಲಾಭ ಆಡುವವನದು.

ಇದನ್ನು ಹಿಡಿಯಲು ಎಲ್ಲರೂ ಮೊದಲು ಕಲಿಯುವ ದಾರಿಯ ಹೆಸರು ಹೈ-ಲೋ. 2, 3, 4, 5, 6 ಬಿದ್ದರೆ ಒಂದು ಕೂಡು. 7, 8, 9 ಬಿದ್ದರೆ ಸುಮ್ಮನಿರು. ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಬಿದ್ದರೆ ಒಂದು ಕಳೆ. ಈಗ ಮೇಜಿನ ಮೇಲೆ ಸಾಲಾಗಿ 5, ರಾಜ, 2, 6, 9, ಎಕ್ಕ, 4 ಬಿತ್ತು ಅನ್ನಿ. ಮನಸ್ಸಿನಲ್ಲಿ ನಡೆಯುವುದು ಇಷ್ಟು: ಒಂದು, ಸೊನ್ನೆ, ಒಂದು, ಎರಡು, ಎರಡೇ, ಒಂದು, ಎರಡು. ಏಳು ಎಲೆ ಹೋಗಿದೆ, ತಲೆಯಲ್ಲಿರುವುದು ‘ಎರಡು’ ಎಂಬ ಒಂದೇ ಅಂಕಿ. ಪಳಗಿದವರು ಇದನ್ನೂ ಒಂದೊಂದಾಗಿ ಮಾಡುವುದಿಲ್ಲ. ರಾಜ ಮತ್ತು 5 ಅಕ್ಕಪಕ್ಕ ಬಿದ್ದರೆ ಒಂದಕ್ಕೊಂದು ವಜಾ, ಕಣ್ಣು ಮುಂದೆ ಹೋಗುತ್ತದೆ.

ಒಂದು ಕಟ್ಟಿನಲ್ಲಿ, ಅಂದರೆ 52 ಎಲೆಯ ಒಂದು ಪ್ಯಾಕಿನಲ್ಲಿ, ಕೂಡುವ ಎಲೆ 20, ಕಳೆಯುವ ಎಲೆ 20, ಸುಮ್ಮನಿರುವವು 12. ಆದ್ದರಿಂದ ಪೂರ್ತಿ ಕಟ್ಟನ್ನು ಒಂದೊಂದೇ ಎಲೆ ತೆಗೆದು ನೋಡಿ ಮುಗಿಸಿದರೆ ಸೊನ್ನೆಗೆ ಬಂದು ನಿಲ್ಲಲೇಬೇಕು. ಮನೆಯಲ್ಲಿ ಕೂತು ಕಲಿಯುವ ದಾರಿಯೂ ಇದೇ: ಒಂದು ಎಲೆಯನ್ನು ನೋಡದೆ ಮಗುಚಿಟ್ಟು, ಉಳಿದ 51ನ್ನು ನೋಡುತ್ತ ಹೋಗುವುದು. ಕೊನೆಗೆ ಒಂದು ಉಳಿದರೆ ಮಗುಚಿಟ್ಟದ್ದು ದೊಡ್ಡ ಎಲೆ. ಋಣ ಒಂದು ಉಳಿದರೆ ಚಿಕ್ಕದು. ಸೊನ್ನೆಯಾದರೆ 7, 8, 9ರಲ್ಲಿ ಒಂದು. ಒಂದು ಕಟ್ಟು ಅರ್ಧ ನಿಮಿಷದೊಳಗೆ ತಪ್ಪಿಲ್ಲದೆ ಮುಗಿದರೆ ಮುಂದಿನ ಪಾಠಕ್ಕೆ ಹೋಗಬಹುದು. ಇದಕ್ಕೆ ದುಡ್ಡೂ ಬೇಡ, ಎದುರಾಳಿಯೂ ಬೇಡ. ಕರ್ನಾಟಕದಲ್ಲಿ ದುಡ್ಡಿಟ್ಟು ಆಡಿದರೆ 1963ರ ಪೊಲೀಸ್ ಕಾಯ್ದೆ ಇದೆ, ‘ಅಂದರ್-ಬಾಹರ್ ಆಡುತ್ತಿದ್ದವರ ಬಂಧನ’ ಅನ್ನುವ ಸುದ್ದಿಯಲ್ಲಿ ಹೆಸರು ಬರುತ್ತದೆ, ಅಷ್ಟೆ.

ಈಗ ಪದಕ್ಕೆ ಬರುತ್ತೇನೆ. ಮೇಲೆ ನಡೆದದ್ದನ್ನು ನಾವು ದಿನಬಳಕೆಯಲ್ಲಿ ‘ಎಣಿಸುವುದು’ ಅನ್ನುವುದಿಲ್ಲ, ‘ಲೆಕ್ಕ ಇಡುವುದು’ ಅನ್ನುತ್ತೇವೆ. ಬಂದದ್ದಿಷ್ಟು, ಹೋದದ್ದಿಷ್ಟು, ಉಳಿದದ್ದಿಷ್ಟು. ಆದ್ದರಿಂದ ಒಟ್ಟು ವಿದ್ಯೆಗೆ ‘ಎಲೆ ಲೆಕ್ಕ’ ಎಂದೂ, ತಲೆಯಲ್ಲಿ ಓಡುತ್ತಿರುವ ಅಂಕಿಗೆ, ಅಂದರೆ ರನ್ನಿಂಗ್ ಕೌಂಟ್‌ಗೆ, ‘ಶಿಲ್ಕು’ ಎಂದೂ ಬಳಸಬೇಕೆಂದಿದ್ದೇನೆ. ಸಹಕಾರ ಸಂಘದ ವರದಿ, ದೇವಸ್ಥಾನದ ಜಮಾ-ಖರ್ಚಿನ ಪುಸ್ತಕ ನೋಡಿದವರಿಗೆ ಆರಂಭದ ಶಿಲ್ಕು, ಅಖೈರು ಶಿಲ್ಕು ಹೊಸದಲ್ಲ. ಮರಾಠಿಯ ‘ಶಿಲ್ಲಕ್’ನಿಂದ ಬಂದು ನಮ್ಮ ಕಚೇರಿಗಳಲ್ಲಿ ಬೇರುಬಿಟ್ಟ ಪದ.

ನನಗೆ ಇದು ಹಿಡಿಸಲು ಬೇರೆ ಕಾರಣವೂ ಇದೆ. ಶಿಲ್ಕು ಅಂದರೆ ಉಳಿದದ್ದು. ಹೈ-ಲೋದಲ್ಲಿ ಅಂಕಿ 5 ಇದ್ದರೆ ಅದರ ಅರ್ಥ, ನೋಡದೆ ಉಳಿದ ಎಲೆಗಳಲ್ಲಿ ಚಿಕ್ಕವಕ್ಕಿಂತ ದೊಡ್ಡವು 5 ಹೆಚ್ಚು ಇವೆ ಎಂದು. ಕಣ್ಣು ನೋಡುವುದು ಹೋದ ಎಲೆಯನ್ನು, ಅಂಕಿ ಹೇಳುವುದು ಉಳಿದದ್ದರ ಸಂಗತಿಯನ್ನು. ಚಿಕ್ಕ ಎಲೆ ಬಿದ್ದಾಗ ಕೂಡುವುದೇಕೆ ಎಂದು ಹೊಸಬರು ತಲೆ ಕೆರೆದುಕೊಳ್ಳುವುದು ಇಲ್ಲೇ. ‘ಕೌಂಟ್’ ಎಂದಾಗಲೀ ‘ಎಣಿಕೆ’ ಎಂದಾಗಲೀ ಹೇಳಿದರೆ ಈ ಗಂಟು ಬಿಡುವುದಿಲ್ಲ, ಶಿಲ್ಕು ಅಂದರೆ ಅರ್ಧ ವಿವರಣೆ ಪದದಲ್ಲೇ ಇದೆ. ನಾಕ್-ಔಟ್ ಎಂಬ ಇನ್ನೊಂದು ವಿಧಾನದಲ್ಲಿ 7ಕ್ಕೂ ಒಂದು ಕೂಡುತ್ತಾರೆ. ಅಲ್ಲಿ ಜಮೆ-ಖರ್ಚು ಸರಿಹೊಂದದೆ ಪ್ರತಿ ಕಟ್ಟಿಗೂ 4 ಹೆಚ್ಚಾಗುವುದರಿಂದ, ಆರು ಕಟ್ಟಿನ ಆಟವನ್ನು, ಕೊನೆಗೆ 4ಕ್ಕೆ ಬಂದು ನಿಲ್ಲುವಂತೆ, ಸೊನ್ನೆಯ ಬದಲು ಋಣ 20ರಿಂದ ಶುರುಮಾಡುತ್ತಾರೆ. ‘ಆರಂಭದ ಶಿಲ್ಕು ಋಣ 20’ ಎಂದು ಬರೆದಾಗ ನನಗಂತೂ ಅದು ಅನುವಾದ ಅನ್ನಿಸಲೇ ಇಲ್ಲ.

‘ಎಣಿಕೆ’ಯ ಪರವಾಗಿ ವಾದವಿಲ್ಲವೆಂದಲ್ಲ. ಕರಾವಳಿ, ಮಲೆನಾಡಿನ ಕಡೆ ‘ನಾನು ಹಾಗೆ ಎಣಿಸಿದೆ’ ಅಂದರೆ ‘ಹಾಗೆ ಅಂದುಕೊಂಡೆ’ ಎಂದೇ ಅರ್ಥ. ಯೋಚನೆ, ಅಂದಾಜು ಎರಡೂ ಆ ಪದದೊಳಗಿವೆ. ಇನ್ನು ನಳನ ಕಥೆಯಂತೂ ಈ ವಾದದವರ ದೊಡ್ಡ ಸಾಕ್ಷಿ. ಅರಣ್ಯಪರ್ವದಲ್ಲಿ ಋತುಪರ್ಣ ಓಡುವ ರಥದಿಂದಲೇ ದಾರಿಯ ತಾರೆ ಮರವನ್ನು ನೋಡಿ, ನೆಲಕ್ಕುದುರಿದ ಎಲೆ ಹಣ್ಣುಗಳು ಮರದಲ್ಲಿರುವುದಕ್ಕಿಂತ 101 ಹೆಚ್ಚು ಅನ್ನುತ್ತಾನೆ. ಎರಡು ಕೊಂಬೆಗಳಲ್ಲಿ ಐದು ಕೋಟಿ ಎಲೆ, 2095 ಹಣ್ಣು ಎಂದೂ ಹೇಳುತ್ತಾನೆ. ನಳ ನಂಬದೆ ರಥ ನಿಲ್ಲಿಸಿ ಮರ ಕಡಿದು ಎಣಿಸುತ್ತಾನೆ, ಲೆಕ್ಕ ಸರಿ ಬರುತ್ತದೆ. ಆ ಎಣಿಸುವ ವಿದ್ಯೆ ಮತ್ತು ಅಕ್ಷಹೃದಯ, ಅಂದರೆ ದಾಳದ ಮರ್ಮ, ಎರಡೂ ಜೊತೆಯಾಗಿ ನಳನಿಗೆ ಸಿಕ್ಕಿ, ಪುಷ್ಕರನೆದುರು ಕಳೆದದ್ದನ್ನು ಅವನು ಮತ್ತೆ ಗೆಲ್ಲುತ್ತಾನೆ. ತಾರೆಕಾಯನ್ನೇ ಹಿಂದೆ ದಾಳವಾಗಿ ಬಳಸುತ್ತಿದ್ದುದರಿಂದ ಆ ಮರವೇ ಕಥೆಗೆ ಬಂದದ್ದು ಸುಮ್ಮನೆ ಅಲ್ಲ. ಇಷ್ಟೆಲ್ಲ ಇರುವಾಗ ‘ಎಲೆ ಎಣಿಕೆ’ ಬಿಟ್ಟುಕೊಡಲು ನನಗೂ ಹೊಟ್ಟೆ ಉರಿಯುತ್ತದೆ. ಆದರೆ ಋತುಪರ್ಣ ಮಾಡಿದ್ದು ನಿಜವಾಗಿ ಎಣಿಕೆ, ಸಂಖ್ಯೆ ಹೇಳಿದ್ದು. ಹೈ-ಲೋದವನು ಅದನ್ನು ಮಾಡುವುದಿಲ್ಲ.

ಇಂಗ್ಲಿಷಿನ ‘ಕೌಂಟಿಂಗ್’ ಕೂಡ ಹಳೆಯ ಪದ್ಧತಿಯ ಪಳೆಯುಳಿಕೆಯೆಂದು ನನ್ನ ಊಹೆ. ಗಣಿತಜ್ಞ ಎಡ್ವರ್ಡ್ ಥಾರ್ಪ್ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯ ಐಬಿಎಂ 704 ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ 1962ರಲ್ಲಿ ಪುಸ್ತಕ ಹೊರತಂದಾಗ, ಅವನ ಮುಖ್ಯ ವಿಧಾನದಲ್ಲಿ ಉಳಿದ ಹತ್ತುಗಳೆಷ್ಟು, ಉಳಿದ ಇತರ ಎಲೆಗಳೆಷ್ಟು ಎಂದು ನಿಜವಾಗಿಯೇ ಎಣಿಸಬೇಕಿತ್ತು. ಕೂಡುವ-ಕಳೆಯುವ ಸರಳ ದಾರಿಯನ್ನು ಹಾರ್ವಿ ಡಬ್ನರ್ ಮುಂದಿಟ್ಟದ್ದು 1963ರಲ್ಲಿ. ವಿಧಾನ ಬದಲಾಯಿತು, ಹೆಸರು ಹಾಗೇ ಉಳಿಯಿತು. ನಾವು ಹೊಸದಾಗಿ ಹೆಸರಿಡುವಾಗ ಆ ಹೊರೆಯನ್ನೂ ಹೊರಬೇಕೇ?

ನನ್ನ ನಿಜವಾದ ಕಷ್ಟ ‘ಟ್ರೂ ಕೌಂಟ್’ನದು. ಶಿಲ್ಕು 6 ಇದ್ದು ಇನ್ನೂ ಮೂರು ಕಟ್ಟು ಎಲೆ ಪೆಟ್ಟಿಗೆಯಲ್ಲಿದ್ದರೆ ಅದರ ಬಲ 2 ಮಾತ್ರ. ಒಂದೇ ಕಟ್ಟು ಉಳಿದಿದ್ದರೆ ಪೂರ್ತಿ 6. ಬಿದ್ದ ಎಲೆಗಳ ತಟ್ಟೆಯನ್ನು ಕಣ್ಣಳತೆಯಲ್ಲೇ ನೋಡಿ, ಎಷ್ಟು ಕಟ್ಟು ಉಳಿದಿರಬೇಕೆಂದು ಊಹಿಸಿ ಭಾಗಿಸಬೇಕು. ಪಣ ಏರಿಸುವುದು ಈ ಎರಡನೆಯ ಅಂಕಿಯ ಮೇಲೆ. ಅದು 1 ಏರಿದರೆ ಆಡುವವನ ಕಡೆಗೆ ಸರಿಸುಮಾರು ಶೇ. 0.5 ವಾಲುತ್ತದೆ. ಒಳ್ಳೆಯ ನಿಯಮದ ಮೇಜಿನಲ್ಲಿ ತಪ್ಪಿಲ್ಲದೆ ಆಡುವವನ ಎದುರು ಕ್ಯಾಸಿನೊದ ಮೇಲುಗೈಯೂ ಸುಮಾರು ಅಷ್ಟೇ ಇರುವುದರಿಂದ, 1ಕ್ಕೆ ಸಮಸಮ, 2ರಿಂದಾಚೆ ಲಾಭದ ಆಸೆ. ಇದನ್ನು ‘ನಿಜ ಎಣಿಕೆ’ ಎಂದು ಅನುವಾದಿಸಿದರೆ ಮೊದಲನೆಯ ಅಂಕಿ ಸುಳ್ಳೆಂದಾಯಿತು, ಅದು ಸುಳ್ಳಲ್ಲ. ‘ತಲಾ ಆದಾಯ’ದ ಮಾದರಿಯಲ್ಲಿ ‘ತಲಾ ಶಿಲ್ಕು’ ಅನ್ನಬಹುದೇ? ಎಲೆ ಕಟ್ಟಿಗೆ ತಲೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿಯಾರು. ‘ಕಟ್ಟುವಾರು ಶಿಲ್ಕು’ ಅಂದರೆ ಜಿಲ್ಲಾವಾರು, ತಾಲ್ಲೂಕುವಾರು ಅನ್ನುವಂತೆ ಒಂದೊಂದು ಕಟ್ಟಿನ ಲೆಕ್ಕವೂ ಬೇರೆ ಬೇರೆ ಎಂಬ ಅರ್ಥ ಬಂದುಬಿಡುತ್ತದೆ. ಮಾತಿನಲ್ಲಿ ‘ಕಟ್ಟಿಗೆ ಎಷ್ಟು?’ ಎಂದರೆ ಸಾಕು, ಆದರೆ ಉತ್ತರ ಕರ್ನಾಟಕದ ಓದುಗರು ಸೌದೆಯ ದರ ಕೇಳುತ್ತಿದ್ದಾನೆ ಅಂದುಕೊಂಡಾರು!

ಉಳಿದವು ಅಷ್ಟು ಕಾಡುತ್ತಿಲ್ಲ. ‘ಬಸ್ಟ್’ಗೆ ‘ಮೀರಿತು’, ‘ಹಿಟ್’ಗೆ ‘ಎಲೆ ಕೇಳು’, ‘ಸ್ಟ್ಯಾಂಡ್’ಗೆ ‘ಸಾಕು’. ಯಾವ ಕೈಗೆ ಏನು ಮಾಡಬೇಕೆಂಬ ಬೇಸಿಕ್ ಸ್ಟ್ರಾಟಜಿಯ ಕೋಷ್ಟಕವನ್ನು, 1956ರಲ್ಲಿ ಅಮೆರಿಕದ ಸೇನೆಯಲ್ಲಿದ್ದ ನಾಲ್ವರು ಮೇಜಿನ ಕ್ಯಾಲ್ಕುಲೇಟರಿನಲ್ಲಿ ಲೆಕ್ಕ ಹಾಕಿ ಪ್ರಕಟಿಸಿದ್ದನ್ನು, ಬಾಯಿಪಾಠ ಮಾಡದೆ ಎಲೆ ಲೆಕ್ಕಕ್ಕೆ ಕೈಹಾಕುವುದು ವ್ಯರ್ಥ. ಅದಕ್ಕೆ ‘ಆಟದ ಮಗ್ಗಿ’ ಎಂದಿಟ್ಟಿದ್ದೇನೆ, ಇದರಲ್ಲಿ ನಾನು ರಾಜಿಯಾಗುವುದಿಲ್ಲ. ‘ಇನ್ಶೂರೆನ್ಸ್’ಗೆ ಮಾತ್ರ ‘ವಿಮೆ’ ಬೇಡ. ಹಂಚುವವನ ಎಕ್ಕದ ಜೊತೆಗಾರ ಹತ್ತೇ ಎಂದು ಕಟ್ಟುವ ಇನ್ನೊಂದು ಪಣ ಅದು, ಯಾವ ಭದ್ರತೆಯೂ ಅಲ್ಲ. ಹೈ-ಲೋದವರು ಟ್ರೂ ಕೌಂಟ್ 3 ಮುಟ್ಟುವವರೆಗೆ ಅದರ ತಂಟೆಗೆ ಹೋಗುವುದಿಲ್ಲ.

ಇದರ ಜೊತೆ ಒಂದು ಎಚ್ಚರಿಕೆ. ಇದನ್ನು ‘ಕೈಚಳಕ’ ಅಂತಲೋ ‘ಮೋಸದಾಟ’ ಅಂತಲೋ ಕರೆದರೆ ತಪ್ಪು. ಎಲೆಯನ್ನು ಯಾರೂ ಬದಲಿಸುವುದಿಲ್ಲ, ಎಲ್ಲರಿಗೂ ಕಾಣುವುದನ್ನೇ ನೋಡುವುದು. ಅಮೆರಿಕದ ನೆವಾಡದಲ್ಲಿ ತಲೆಯಲ್ಲಿ ಲೆಕ್ಕ ಇಡುವುದು ಅಪರಾಧವಲ್ಲ, ಉಪಕರಣ ಬಳಸುವುದು ಅಪರಾಧ. ಆದರೂ ಕ್ಯಾಸಿನೊದವರು ಎದ್ದು ಹೋಗಿ ಅನ್ನಬಹುದು. ನ್ಯೂಜೆರ್ಸಿಯಲ್ಲಿ 1982ರ ತೀರ್ಪಿನ ನಂತರ ಇದೊಂದೇ ಕಾರಣಕ್ಕೆ ಹೊರಗೆ ಹಾಕುವಂತಿಲ್ಲ. ಇನ್ನು ಪಣಜಿಯ ಮಾಂಡೋವಿ ನದಿಯ ಕ್ಯಾಸಿನೊ ಹಡಗುಗಳಿಗೆ ಹೋಗಿಬರುವ ನಮ್ಮವರಿಗೆ ಬರಹದಲ್ಲಿ ಹೇಳಿಯೇ ಹೇಳುತ್ತೇನೆ: ಬಿದ್ದ ಎಲೆಯನ್ನು ಆಗಿಂದಾಗ್ಗೆ ನುಂಗಿ ಕಲೆಸುವ ಯಂತ್ರ ಮೇಜಿನ ಮೇಲಿದ್ದರೆ ಶಿಲ್ಕು ಕೂಡುವ ಮೊದಲೇ ಅಳಿಸಿಹೋಗುತ್ತದೆ, ಅಲ್ಲಿ ಯಾವ ಲೆಕ್ಕವೂ ಉಪಯೋಗಕ್ಕಿಲ್ಲ.

ನಿಮ್ಮಿಂದ ಬೇಕಾದದ್ದು: ‘ಟ್ರೂ ಕೌಂಟ್’ಗೆ ‘ತಲಾ ಶಿಲ್ಕು’ ಕಿವಿಗೆ ಒಪ್ಪುತ್ತದೆಯೇ? 52 ಎಲೆಯ ಒಂದು ಸೆಟ್ಟಿಗೆ ನಿಮ್ಮ ಊರಿನ ಆಟದವರು ಕಟ್ಟು ಅನ್ನುತ್ತಾರೋ, ಪ್ಯಾಕು ಅನ್ನುತ್ತಾರೋ, ಬೇರೆ ಪದವಿದೆಯೋ? ಪಣ ‘ಕಟ್ಟು’ವುದರ ಜೊತೆ ಒಂದೇ ಸಾಲಿನಲ್ಲಿ ಬಂದಾಗ ಗೊಂದಲವಾಗುತ್ತಿದೆ. ಕಲೆಸಿದ ಎಲೆಗಳನ್ನು ಇಟ್ಟು ಒಂದೊಂದೇ ಜಾರಿಸುವ ಪೆಟ್ಟಿಗೆಗೆ ಇಂಗ್ಲಿಷಿನಲ್ಲಿ ‘ಶೂ’ ಅಂತಾರೆ, ಕನ್ನಡ ಲಿಪಿಯಲ್ಲಿ ಬರೆದರೆ ಓದುಗರು ಕಾಲು ನೋಡಿಕೊಳ್ಳುತ್ತಾರೆ. ಸದ್ಯಕ್ಕೆ ‘ಎಲೆಪೆಟ್ಟಿಗೆ’ ಎಂದಿಟ್ಟಿದ್ದೇನೆ. ಎಲೆಅಡಿಕೆಯ ಪೆಟ್ಟಿಗೆಯೆಂಬ ಅನುಮಾನ ನಿಮಗೂ ಬಂದರೆ ಬೇರೆ ಸೂಚಿಸಿ.