ಮನ್ಸೂರರ ರೆಕಾರ್ಡಿನ ಹಿಂದೆ ಗುಂಯ್ ಸದ್ದು: ಎಲ್ಲಿಂದ ಹುಡುಕಲಿ?

ಧಾರವಾಡದವ:

ನಮಸ್ಕಾರ. ನಮ್ಮ ಮನೆಯ ಸ್ಟೀರಿಯೊದಲ್ಲಿ ಎರಡು ಸದ್ದು ಸೇರಿಕೊಂಡಿವೆ. ಒಂದು ಗುಂಯ್ ಅನ್ನುವ ದಪ್ಪ ಸದ್ದು, ಇನ್ನೊಂದು ಸುಯ್ ಅನ್ನುವ ಸಣ್ಣ ಸದ್ದು. ಮೂರು ವಾರದಿಂದ ಇದರ ಹಿಂದೆಯೇ ಬಿದ್ದಿದ್ದೇನೆ.

ಆಂಪ್ಲಿಫೈಯರ್ ಅಪ್ಪ 1988ರಲ್ಲಿ ಕೊಂಡದ್ದು. ಚಾನೆಲ್‌ಗೆ 40 ವ್ಯಾಟ್, ತ್ರೀ ಪಿನ್ ಪ್ಲಗ್. ಸ್ಪೀಕರ್‌ಗಳಲ್ಲಿ 8 ಇಂಚಿನ ವೂಫರ್ ಇದೆ. ಫೋನೊ ಇನ್‌ಪುಟ್‌ಗೆ ಟರ್ನ್‌ಟೇಬಲ್ (ರೆಕಾರ್ಡ್ ತಿರುಗಿಸುವ ಯಂತ್ರ), ಆಕ್ಸ್ ಇನ್‌ಪುಟ್‌ಗೆ ಲ್ಯಾಪ್‌ಟಾಪ್, ಟೇಪ್ ಇನ್‌ಪುಟ್‌ಗೆ ಕೇಬಲ್ ಟಿವಿಯ ಸೆಟ್ ಟಾಪ್ ಬಾಕ್ಸ್. ಮೊದಲು ಟರ್ನ್‌ಟೇಬಲ್ ಒಂದೇ ಇತ್ತು. ಆಗಲೂ ಸ್ವಲ್ಪ ಗುಂಯ್ ಇತ್ತೇನೋ, ನಾನು ಗಮನಿಸಿರಲಿಲ್ಲ. ಈಗಂತೂ ಮೂರೂ ಇನ್‌ಪುಟ್‌ಗಳಲ್ಲಿ ಕೇಳಿಸುತ್ತದೆ, ಫೋನೊದಲ್ಲಿ ಎಲ್ಲಕ್ಕಿಂತ ಜಾಸ್ತಿ. ಸುಯ್ ಅನ್ನುವುದು ಫೋನೊದಲ್ಲಿ ಮಾತ್ರ, ವಾಲ್ಯೂಮ್ ಏರಿಸಿದಾಗ.

ಅಂಗಡಿಯವರ ಮಾತು ಕೇಳಿ ದುಬಾರಿ ಕೇಬಲ್ ತಂದು ಹಾಕಿದೆ. ಒಂದು ಚೂರೂ ಬದಲಾಗಲಿಲ್ಲ.

ಇದನ್ನು ಮೊದಲು ಹಿಡಿದವರು ನಮ್ಮ ಅಮ್ಮ. ಅವರಿಗೆ 78 ವರ್ಷ. ಚಿಕ್ಕಂದಿನಿಂದ ಹಾಡಿದವರು, ಈಗಲೂ ಸಂಜೆ ತಂಬೂರಿ ಹಿಡಿದು ಕೂರುತ್ತಾರೆ. ಮಲ್ಲಿಕಾರ್ಜುನ ಮನ್ಸೂರರ ರೆಕಾರ್ಡ್ ಹಾಕಿದ್ದೆ. ಆಲಾಪ ಶುರುವಾಗುವ ಮೊದಲೇ ಕೈ ಎತ್ತಿ, "ತಮ್ಮಾ, ಆ ಗುಂಯ್ ಅನ್ನೋದು ಷಡ್ಜಕ್ಕ ಹೊಂದಂಗಿಲ್ಲ. ಮೊದಲ ಅದನ್ನ ಬಂದ್ ಮಾಡು" ಅಂದರು. ಆಮೇಲೆ ಪೇಟಿ (ಹಾರ್ಮೋನಿಯಂ) ತರಿಸಿ, ಒಂದೊಂದೇ ಮನೆ ಒತ್ತಿ ನೋಡಿ, "ಬಿಳಿ ಐದಕ್ಕಿಂತ ಒಂದು ಕೂದಲು ಮ್ಯಾಲ ಅದ" ಅಂದರು. ಇದರಿಂದ ಏನಾದರೂ ಗೊತ್ತಾಗುತ್ತದಾ? ಆ ರೆಕಾರ್ಡುಗಳನ್ನು ಅವರು ನೆಮ್ಮದಿಯಾಗಿ ಕೇಳುವ ಹಾಗೆ ಮಾಡಬೇಕು, ಅಷ್ಟೇ ನನ್ನ ಆಸೆ.

ಬೆಸುಗೆ ಕೈ (ಬೆಂಗಳೂರು):

ಅಮ್ಮನವರ ಕಿವಿಗೆ ದೊಡ್ಡ ನಮಸ್ಕಾರ. ಅರ್ಧ ಕೆಲಸ ಅವರೇ ಮುಗಿಸಿದ್ದಾರೆ. ಪೇಟಿಯ ಬಿಳಿ ಐದು ಅಂದರೆ ಪಾಶ್ಚಾತ್ಯರ ಜಿ ಸ್ವರ. ಕೆಳಗಿನ ಸಪ್ತಕದಲ್ಲಿ ಅದು 98 ಹರ್ಟ್ಸ್ (ಸೆಕೆಂಡಿಗೆ 98 ಕಂಪನ), ಅದಕ್ಕೂ ಕೆಳಗೆ 49. ನಮ್ಮ ಕರೆಂಟು 50 ಹರ್ಟ್ಸ್, ಅದರ ಎರಡರಷ್ಟು 100. ಕೂದಲಷ್ಟು ಮೇಲೆ ಅಂದದ್ದು ಸರಿಯಾಗಿದೆ. ನಿಮ್ಮ ಗುಂಯ್ ಬರುತ್ತಿರುವುದು ಮನೆಯ ಕರೆಂಟಿನಿಂದಲೇ.

ಈಗ ಎಲ್ಲಿಂದ ನುಗ್ಗುತ್ತಿದೆ ಅಂತ ನೋಡಬೇಕು. ಆಂಪ್ಲಿಫೈಯರ್ ಆಫ್ ಮಾಡಿ, ಹಿಂದಿನ ಇನ್‌ಪುಟ್ ವೈರುಗಳನ್ನೆಲ್ಲ ಕಳಚಿ. ಸ್ಪೀಕರ್ ಮಾತ್ರ ಇರಲಿ. ಸುಮ್ನೆ ಇನ್‌ಪುಟ್ ಆರಿಸುವ ಸೆಲೆಕ್ಟರ್ ತಿರುಗಿಸಿ ಪರೀಕ್ಷೆ ಮಾಡಬೇಡಿ, ತುಂಬಾ ಜನ ಇಲ್ಲೇ ಎಡವುತ್ತಾರೆ. ಹೆಚ್ಚಿನ ಆಂಪ್ಲಿಫೈಯರ್‌ಗಳಲ್ಲಿ ಸೆಲೆಕ್ಟರ್ ಬದಲಿಸುವುದು ಒಳಗಿನ ಸಿಗ್ನಲ್ ತಂತಿಯನ್ನು ಮಾತ್ರ. ಹೊರಗಿನ ವೈರುಗಳ ಗ್ರೌಂಡ್ (ಅರ್ಥ್ ಕಡೆಯ ತಂತಿ) ಎಲ್ಲವೂ ಆಂಪ್ಲಿಫೈಯರ್‌ನ ಲೋಹದ ಡಬ್ಬಿಗೆ ಸೇರಿಕೊಂಡೇ ಇರುತ್ತದೆ. ಹಾಗಾಗಿ ಟಿವಿಯ ಗಲಾಟೆ ಫೋನೊದಲ್ಲೂ ಕೇಳಿಸಬಹುದು.

ಎಲ್ಲ ಕಳಚಿ, ವಾಲ್ಯೂಮ್ ಸೊನ್ನೆಗೆ ಇಟ್ಟು ಆನ್ ಮಾಡಿ. ಆಗಲೂ ಗುಂಯ್ ಇದ್ದರೆ ತಪ್ಪು ಆಂಪ್ಲಿಫೈಯರ್ ಒಳಗಿದೆ. ಇಷ್ಟು ಹಳೆಯದರಲ್ಲಿ ಪವರ್ ಸಪ್ಲೈನ ದೊಡ್ಡ ಕೆಪ್ಯಾಸಿಟರ್ ಒಣಗಿರಬಹುದು, ಆಗ ಸಾಮಾನ್ಯವಾಗಿ 100 ಹರ್ಟ್ಸ್ ಸದ್ದು ಬರುತ್ತದೆ. ಮುಚ್ಚಳ ಮಾತ್ರ ನೀವಾಗಿಯೇ ತೆಗೆಯಬೇಡಿ. ಆಫ್ ಮಾಡಿದ ಮೇಲೂ ಆ ಕೆಪ್ಯಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ.

ಸದ್ದಿಲ್ಲದಿದ್ದರೆ ಒಂದೊಂದೇ ವೈರ್ ಹಾಕುತ್ತಾ ಬನ್ನಿ, ಪ್ರತಿ ಸಲ ಆಫ್ ಮಾಡಿ. ನನಗೆ ಅನುಮಾನ ಇರುವುದು ಸೆಟ್ ಟಾಪ್ ಬಾಕ್ಸ್ ಮೇಲೆ. ನಿಮ್ಮ ಆಂಪ್ಲಿಫೈಯರ್‌ಗೆ ಮೂರನೇ ಪಿನ್‌ನಿಂದ ಮನೆಯ ಅರ್ಥ್ ಸಿಗುತ್ತದೆ. ಕೇಬಲ್ ಟಿವಿಯ ತಂತಿ ಬೀದಿಯ ಕಂಬದಿಂದ ಇನ್ನೊಂದು ಅರ್ಥ್ ಹೊತ್ತು ತರುತ್ತದೆ. ಎರಡರ ನಡುವೆ ಚೂರು ವೋಲ್ಟೇಜ್ ವ್ಯತ್ಯಾಸ ಇದ್ದರೂ ಸಾಕು, ಕರೆಂಟು ನಿಮ್ಮ ಆಡಿಯೊ ಕೇಬಲ್‌ನ ಲೋಹದ ಹೊರಕವಚದಲ್ಲಿ ಸುತ್ತು ಹಾಕುತ್ತದೆ. ಇದೇ ಗ್ರೌಂಡ್ ಲೂಪ್. ಎಷ್ಟೇ ದುಬಾರಿ ಕೇಬಲ್ ಹಾಕಿದರೂ ಈ ಸುತ್ತು ಕಡಿಯುವುದಿಲ್ಲ.

ಇನ್ನೊಂದು ಮಾತು, ಕೈ ಮುಗಿದು ಹೇಳುತ್ತೇನೆ. ಗುಂಯ್ ನಿಲ್ಲಲಿ ಅಂತ ಪ್ಲಗ್ಗಿನ ಮೂರನೇ ಪಿನ್ ಮುರಿಯುವವರಿದ್ದಾರೆ. ಸದ್ದು ನಿಲ್ಲುತ್ತದೆ ನಿಜ. ಆದರೆ ಒಳಗೆ ಲೈನ್ ತಂತಿ ಡಬ್ಬಿಗೆ ತಾಗಿದ ದಿನ, ಮುಟ್ಟಿದವರ ಜೀವಕ್ಕೇ ಅಪಾಯ. ಮನೆಯಲ್ಲಿ ವಯಸ್ಸಾದವರಿದ್ದಾರೆ. ದಯವಿಟ್ಟು ಬೇಡ.

ಧಾರವಾಡದವ:

ಭಾನುವಾರ ಬೆಳಿಗ್ಗೆ ಪೂರ್ತಿ ಇದೇ ಕೆಲಸ. ಎಲ್ಲ ಕಳಚಿದಾಗ ಗುಂಯ್ ಇಲ್ಲವೇ ಇಲ್ಲ. ಟ್ವೀಟರ್‌ಗೆ (ಸ್ಪೀಕರಿನ ಸಣ್ಣ ಬಾಯಿಗೆ) ಕಿವಿ ಹತ್ತಿರ ತಂದರೆ ಮಾತ್ರ ಸಣ್ಣ ಸುಯ್.

ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿದ್ದರೆ ಸ್ವಚ್ಛ. ಚಾರ್ಜರ್ ಹಾಕಿದ ಕೂಡಲೇ ಜೀರ್ ಅನ್ನುತ್ತದೆ. ಸೆಟ್ ಟಾಪ್ ಬಾಕ್ಸ್ ಸೇರಿಸಿದೆ, ಗುಂಯ್ ಬಂತು. ಬಾಕ್ಸನ್ನು ಆಫ್ ಮಾಡಿದರೂ ಇತ್ತು! ಹಿಂದಿನ ಕೇಬಲ್ ಟಿವಿ ತಂತಿಯನ್ನು ತಿರುಗಿಸಿ ಕಿತ್ತೆ, ತಟ್ಟನೆ ನಿಂತಿತು. ಅಡುಗೆಮನೆಯಿಂದ ಅಮ್ಮ "ಈಗ ಹೋತು ನೋಡು" ಅಂತ ಕೂಗಿದರು. ನಾನಿನ್ನೂ ಏನೂ ಹೇಳಿರಲಿಲ್ಲ.

ಆದರೆ ಟರ್ನ್‌ಟೇಬಲ್ ಒಂದೇ ಇದ್ದರೂ ಫೋನೊದಲ್ಲಿ ಮೆಲ್ಲಗೆ ಗುಂಯ್ ಉಳಿದಿದೆ. ಟೋನ್‌ಆರ್ಮ್ (ಮುಳ್ಳು ಹಿಡಿದಿರುವ ತೋಳು) ಮುಟ್ಟಿದರೆ ಸದ್ದು ಬದಲಾಗುತ್ತದೆ. ಸುಯ್ ಕೂಡ ಎಡಗಡೆ ಜಾಸ್ತಿ.

ಕರಾವಳಿ ಕೇಳುಗಿ:

ಮುಟ್ಟಿದರೆ ಬದಲಾಗುತ್ತದೆ ಅಂದಿರಲ್ಲ, ಟರ್ನ್‌ಟೇಬಲ್‌ನ ಗ್ರೌಂಡ್ ತಂತಿ ನೋಡಿ. ಆಡಿಯೊ ಕೇಬಲ್ ಪಕ್ಕದಲ್ಲೇ ಒಂದು ತೆಳ್ಳನೆಯ ತಂತಿ ಬರುತ್ತದೆ, ತುದಿಯಲ್ಲಿ ಕವಲಿನಂಥ ತಗಡು. ಅದು ಆಂಪ್ಲಿಫೈಯರ್ ಹಿಂದಿನ ಸ್ಕ್ರೂ ಕೆಳಗೆ ಗಟ್ಟಿಯಾಗಿ ಕೂರಬೇಕು. ನಮ್ಮ ಮಂಗಳೂರಿನ ಮಳೆಗಾಲದಲ್ಲಿ ಈ ತಗಡು ಪ್ರತಿ ವರ್ಷ ಹಸಿರುಗಟ್ಟುತ್ತದೆ. ಕೂತ ಹಾಗೆ ಕಾಣುತ್ತದೆ, ಸಂಪರ್ಕ ಮಾತ್ರ ಇರುವುದಿಲ್ಲ.

ಫೋನೊದಲ್ಲೇ ಯಾಕೆ ಇಷ್ಟು ಅಂದರೆ, ಮ್ಯಾಗ್ನೆಟ್ ಕಾರ್ಟ್ರಿಡ್ಜ್ (ಮುಳ್ಳು ಕೂತಿರುವ ಪುಟ್ಟ ಭಾಗ) ಕೊಡುವುದು ಸುಮಾರು 5 ಮಿಲಿವೋಲ್ಟ್. ಸಿಡಿ ಪ್ಲೇಯರ್ ಕೊಡುವುದು 2 ವೋಲ್ಟ್. ಈ ಪುಟ್ಟ ಸಿಗ್ನಲ್ಲನ್ನು ಫೋನೊ ಹಂತ ಸುಮಾರು ನೂರು ಪಟ್ಟು ಹಿಗ್ಗಿಸುತ್ತದೆ. ರೆಕಾರ್ಡಿನಲ್ಲಿ ಬಾಸ್ ತಗ್ಗಿಸಿ ಕೊರೆದಿರುವುದರಿಂದ, ಅದನ್ನು ಸರಿದೂಗಿಸಲು 50 ಹರ್ಟ್ಸ್ ಹತ್ತಿರ ಇನ್ನೂ ಏಳು ಪಟ್ಟು ಏರಿಸುತ್ತದೆ. ಹಾದಿಯಲ್ಲಿ ಒಂದು ಚೂರು ಗುಂಯ್ ನುಸುಳಿದರೂ ದೊಡ್ಡದಾಗಿಯೇ ಹೊರಬರುತ್ತದೆ.

ಟರ್ನ್‌ಟೇಬಲ್ ಆಂಪ್ಲಿಫೈಯರ್ ಮೇಲೇ ಕೂತಿದೆಯಾ? ಕೆಳಗಿನ ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರ ನೇರ ಕಾರ್ಟ್ರಿಡ್ಜ್‌ಗೆ ತಾಗುತ್ತದೆ. ಆರ್ಮನ್ನು ರೆಕಾರ್ಡಿನ ಅಂಚಿನಿಂದ ನಡುವಿಗೆ ಮೆಲ್ಲಗೆ ಸರಿಸಿ ನೋಡಿ, ಮುಳ್ಳು ಕೆಳಗಿಳಿಸಬೇಡಿ. ಸದ್ದು ಏರಿಳಿದರೆ ಜಾಗ ಬದಲಿಸಿ. ನಾನು ಎರಡು ಅಡಿ ಪಕ್ಕಕ್ಕೆ ಇಟ್ಟ ಮೇಲೆ ಪೂರ್ತಿ ನಿಂತಿತು.

ಬೆಸುಗೆ ಕೈ (ಬೆಂಗಳೂರು):

ಅವರು ಹೇಳಿದ್ದು ಸರಿ. ಸುಯ್ ವಿಷಯಕ್ಕೆ, ಟರ್ನ್‌ಟೇಬಲ್‌ನ ಆಡಿಯೊ ಕೇಬಲ್‌ನ ಎಡ ಬಲ ಪಿನ್ ಅದಲು ಬದಲು ಮಾಡಿ. ಸುಯ್ ಬಲಕ್ಕೆ ಹೋದರೆ ತಪ್ಪು ಕಾರ್ಟ್ರಿಡ್ಜ್ ಅಥವಾ ತಂತಿಯದು. ಎಡಕ್ಕೇ ಉಳಿದರೆ ಆಂಪ್ಲಿಫೈಯರ್‌ನ ಎಡ ಚಾನೆಲ್‌ನಲ್ಲಿ ಯಾವುದೋ ಟ್ರಾನ್ಸಿಸ್ಟರ್ ಸದ್ದು ಮಾಡುತ್ತಿರಬಹುದು. ಎರಡೂ ಕಡೆ ಸಮನಾಗಿ ಬರುವ ಸಣ್ಣ ಸುಯ್‌ಗೆ ಚಿಂತೆ ಬೇಡ, ಅದು ಎಲ್ಲ ಫೋನೊ ಹಂತಗಳಲ್ಲೂ ಇರುತ್ತದೆ. ನೀವು ದಿನಾ ಕೇಳುವ ವಾಲ್ಯೂಮ್‌ನಲ್ಲೇ ಪರೀಕ್ಷಿಸಿ.

ಟಿವಿ ಬಾಕ್ಸಿಗೂ ಆಂಪ್ಲಿಫೈಯರ್‌ಗೂ ನಡುವೆ ಆಡಿಯೊ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ. ಒಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತವೆ. ಸಂಗೀತ ದಾಟುತ್ತದೆ, ಸುತ್ತು ಕಡಿಯುತ್ತದೆ. ಅಗ್ಗದ್ದರಲ್ಲಿ ಬಾಸ್ ಸ್ವಲ್ಪ ಇಳಿಯುತ್ತದೆ, ಟಿವಿಗೆ ಅಡ್ಡಿಯಿಲ್ಲ. ಫೋನೊಗೆ ಮಾತ್ರ ಬೇಡ. ಲ್ಯಾಪ್‌ಟಾಪ್ ಚಾರ್ಜರನ್ನು ಆಂಪ್ಲಿಫೈಯರ್ ಇರುವ ಬೋರ್ಡಿಗೇ ಹಾಕಿ. ಜೊತೆಗೆ, ಮನೆಯ ಅರ್ಥ್ ಸರಿಯಿದೆಯಾ ತಿಳಿಯಲು ಒಬ್ಬ ಎಲೆಕ್ಟ್ರಿಷಿಯನ್ ಕರೆದು ನ್ಯೂಟ್ರಲ್ಲಿಗೂ ಅರ್ಥ್‌ಗೂ ನಡುವೆ ಎಷ್ಟು ವೋಲ್ಟ್ ಇದೆ ನೋಡಿಸಿ.

ಧಾರವಾಡದವ:

ಎಲ್ಲರಿಗೂ ಮನಸಾರೆ ಧನ್ಯವಾದ. ಆಗಿದ್ದನ್ನು ಬರೆಯುತ್ತೇನೆ, ಇನ್ನೊಬ್ಬರಿಗೆ ಉಪಯೋಗವಾಗಲಿ.

ಗ್ರೌಂಡ್ ತಂತಿಯ ತಗಡು ಕಪ್ಪಗಾಗಿತ್ತು. ಸ್ಕ್ರೂ ಕೆಳಗೆ ಹಿಂದೆ ಯಾರೋ ಬಣ್ಣ ಹೊಡೆದಿದ್ದರು, ತಗಡು ಕೂತಿದ್ದೇ ಆ ಬಣ್ಣದ ಮೇಲೆ. ಉಜ್ಜುಕಾಗದದಿಂದ ತಿಕ್ಕಿದೆ. ಕೆಳಗೆ ಹೊಳೆಯುವ ಲೋಹ ಕಂಡಿತು, ಬಿಗಿದೆ, ಗುಂಯ್ ಮುಕ್ಕಾಲು ಪಾಲು ಹೋಯಿತು. ಟರ್ನ್‌ಟೇಬಲ್ ಆಂಪ್ಲಿಫೈಯರ್ ಮೇಲೇ ಇತ್ತು, ಈಗ ಕಿಟಕಿ ಪಕ್ಕದ ಸ್ಟೂಲಿಗೆ ಬಂದಿದೆ. ಉಳಿದದ್ದೂ ಹೋಯಿತು.

ಎಲೆಕ್ಟ್ರಿಷಿಯನ್ ಅಳೆದಾಗ ನ್ಯೂಟ್ರಲ್ ಮತ್ತು ಅರ್ಥ್ ನಡುವೆ 11 ವೋಲ್ಟ್ ಬಂತು. ಹಿತ್ತಿಲಿನ ಅರ್ಥ್ ಗುಂಡಿ ಬಿರುಕು ಬಿಟ್ಟಿತ್ತು. ಕ್ಲಾಂಪ್ ಬಿಚ್ಚಿ, ತಿಕ್ಕಿ, ಮತ್ತೆ ಬಿಗಿದು, ನಾಲ್ಕು ಕೊಡ ನೀರು ಹೊಯ್ದ ಮೇಲೆ 2 ವೋಲ್ಟ್‌ಗೆ ಇಳಿಯಿತು. ಈಗ ಅಮ್ಮ ತುಳಸಿಗೆ ನೀರು ಹಾಕುವಾಗ ಅಲ್ಲಿಗೂ ಒಂದು ತಂಬಿಗೆ ಹಾಕುತ್ತಾರೆ.

ಪಿನ್ ಅದಲು ಬದಲು ಮಾಡಿದರೂ ಸುಯ್ ಎಡಕ್ಕೇ ಉಳಿಯಿತು. ಹುಬ್ಬಳ್ಳಿಯ ಒಬ್ಬ ರಿಪೇರಿಯವರು ಫೋನೊ ಹಂತದ ಟ್ರಾನ್ಸಿಸ್ಟರ್‌ಗಳನ್ನು ಎರಡೂ ಕಡೆ ಬದಲಿಸಿ 350 ರೂಪಾಯಿ ತೆಗೆದುಕೊಂಡರು. ಟಿವಿಗೆ ಐಸೊಲೇಟರ್ ಹಾಕಿದ್ದೇನೆ. ಲ್ಯಾಪ್‌ಟಾಪ್ ಒಂದೇ ಬೋರ್ಡಿಗೆ ಬಂದ ಮೇಲೆ ಜೀರ್ ಕಮ್ಮಿಯಾಗಿದೆ, ಪೂರ್ತಿ ಹೋಗಿಲ್ಲ. ಹಾಡು ಕೇಳುವಾಗ ಚಾರ್ಜರ್ ತೆಗೆದಿಡುತ್ತೇನೆ.

ನಿನ್ನೆ ರಾತ್ರಿ ಅದೇ ರೆಕಾರ್ಡ್ ಹಾಕಿದೆ. ಅಮ್ಮ ಕಣ್ಣು ಮುಚ್ಚಿ ಕೂತಿದ್ದರು. ಮನ್ಸೂರರು ದನಿ ಎತ್ತುವ ಮೊದಲು ತಂಬೂರಿಯ ತಂತಿಗಳಷ್ಟೇ ಝೇಂಕರಿಸುವ ಆ ಕೆಲವು ಕ್ಷಣ ಬಂತು ನೋಡಿ, ಕಣ್ಣು ತೆರೆಯದೆಯೇ ಅಂದರು: "ತಂಬೂರಿ ಜವಾರಿ ಈಗ ಕೇಳಸ್ತದ ತಮ್ಮಾ."