ಎಫ್. ಎಫ್. ಪಾಮರ್ ಗಂಡಸೋ ಹೆಂಗಸೋ? ಯಾರಿಗಾದರೂ ಗೊತ್ತಾ?

ಡ್ರಾಯಿಂಗ್ ಟೀಚರ್, ಕಲಬುರಗಿ:
ನಮಸ್ಕಾರ. ಒಂಬತ್ತನೇ ಕ್ಲಾಸಿಗೆ ಹಳೆಯ ಅಚ್ಚಿನ ಚಿತ್ರ ಒಂದನ್ನು ತೋರಿಸಿದೆ. ಅಮೆರಿಕದ್ದು, 1868ರದ್ದು. ಹೊಗೆ ಬಿಡುತ್ತಾ ರೈಲು ಹೊರಟಿದೆ. ಒಂದು ಕಡೆ ಮರದ ಮನೆಗಳು. ಇನ್ನೊಂದು ಕಡೆ ಕುದುರೆ ಮೇಲೆ ಇಬ್ಬರು ಮೂಲನಿವಾಸಿಗಳು, ರೈಲಿನ ಹೊಗೆ ಅವರ ಕಡೆಗೇ ಬರುತ್ತಿದೆ. ಕೆಳಗೆ ‘ಎಫ್. ಎಫ್. ಪಾಮರ್’ ಅಂತ ಹೆಸರು. "ಎಷ್ಟು ಚೆಂದ ಬರೆದಿದ್ದಾನೆ ನೋಡಿ" ಅಂದೆ. ಹಿಂದಿನ ಬೆಂಚಿನ ಹುಡುಗಿ ಎದ್ದು, "ಗಂಡಸು ಅಂತ ಹೆಂಗ ಗೊತ್ತಾತ್ರಿ ಟೀಚರ್?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಮ್ನೆ ಅಂದುಕೊಂಡಿದ್ದೆ. ತಿಳಿದವರು ಹೇಳಿ.

ಹಳೆ ಪ್ರೆಸ್ಸಿನವ:
ಮೇಡಂ, ಹುಡುಗಿ ಕೇಳಿದ್ದು ಸರಿ. ಅವರು ಫ್ರಾನ್ಸಿಸ್ ಫ್ಲೋರಾ ಪಾಮರ್, ಫ್ಯಾನಿ ಪಾಮರ್. ಹುಟ್ಟಿದ್ದು 1812ರಲ್ಲಿ, ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಗಂಡನ ಜೊತೆ ಕಲ್ಲಚ್ಚಿನ ಪ್ರೆಸ್ ಇಟ್ಟಿದ್ದರು. ಬರೆಯುವುದು ಇವರು, ಅಚ್ಚು ಹಾಕುವುದು ಅವರು. 1840ರ ದಶಕದಲ್ಲಿ ನ್ಯೂಯಾರ್ಕಿಗೆ ಹೋದರು. ಅಲ್ಲಿ ಸ್ವಂತ ಪ್ರೆಸ್ ನಿಲ್ಲಲಿಲ್ಲ. ಆಮೇಲೆ ಚಿತ್ರ ಅಚ್ಚು ಹಾಕಿ ಮಾರುತ್ತಿದ್ದ ಕರಿಯರ್ ಅಂಡ್ ಐವ್ಸ್ ಕಂಪನಿಗೆ ಸುಮಾರು 200 ಚಿತ್ರ ಬರೆದುಕೊಟ್ಟರು. ನಿಮ್ಮದೂ ಅದರಲ್ಲೊಂದು. ದೇಶದ ಎರಡೂ ಕಡೆಯ ಹಳಿ ಕೂಡಿದ್ದು 1869ರಲ್ಲಿ. ಅದಕ್ಕೂ ಒಂದು ವರ್ಷ ಮೊದಲೇ ಇವರು ಚಿತ್ರದಲ್ಲಿ ರೈಲು ಓಡಿಸಿದ್ದರು! ತೀರಿಕೊಂಡಿದ್ದು 1876ರಲ್ಲಿ.

ನನಗೆ ಅವರ ಕೈಕೆಲಸವೇ ದೊಡ್ಡದು ಅನ್ನಿಸುತ್ತದೆ. ನಯವಾದ ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆಯಬೇಕು. ಕಲ್ಲು ಒದ್ದೆ ಮಾಡಿ ಶಾಯಿ ಉರುಳಿಸಿದರೆ, ಜಿಡ್ಡಿದ್ದಲ್ಲಿ ಮಾತ್ರ ಶಾಯಿ ಹಿಡಿಯುತ್ತದೆ. ಆದರೆ ಕಾಗದದ ಮೇಲೆ ಎಲ್ಲ ತಿರುಗಿ ಬರುತ್ತದೆ ಅಲ್ವಾ? ಅದಕ್ಕೇ ಕಲ್ಲಿನ ಮೇಲೆ ಉಲ್ಟಾ ಬರೆಯಬೇಕು. ನಮ್ಮಜ್ಜ ನಿಜಾಮರ ಕಾಲದಲ್ಲಿ ಉರ್ದು ಕಲ್ಲಚ್ಚಿನ ಪ್ರೆಸ್ಸಿನಲ್ಲಿದ್ದರು. ಅಲ್ಲಿ ಕಾತಿಬ, ಅಂದರೆ ಕೈಬರಹದವ, ಹಳದಿ ಕಾಗದದ ಮೇಲೆ ನೇರವಾಗಿ ಬರೆಯುತ್ತಿದ್ದ, ಅದನ್ನು ಕಲ್ಲಿಗೆ ಒತ್ತುತ್ತಿದ್ದರು. ತಪ್ಪಿದ್ದರೆ ಸಂಗ್‌ಸಾಜ್ ಕಲ್ಲಿನ ಮೇಲೇ ಉಲ್ಟಾ ತಿದ್ದುತ್ತಿದ್ದ. ಒಂದು ಅಕ್ಷರ ತಿದ್ದುವಾಗಲೂ ಅವನು ಉಸಿರು ಹಿಡಿದು ಕೂರುತ್ತಿದ್ದ ಅಂತ ಅಜ್ಜ ಹೇಳುತ್ತಿದ್ದರು. ಈ ತಾಯಿ ಇಡೀ ಬಯಲನ್ನೇ ಕಲ್ಲಿಗೆ ಇಳಿಸಿದರು.

ಇನ್ನೊಂದು ಮಾತು. ಆ ಚಿತ್ರಗಳಿಗೆ ಬಣ್ಣ ತುಂಬಿದ್ದು ಕೈಯಿಂದ. ಹೆಂಗಸರು ಸಾಲಾಗಿ ಕೂತು, ಒಬ್ಬೊಬ್ಬರು ಒಂದೊಂದು ಬಣ್ಣ ಹಚ್ಚಿ ಮುಂದಿನವರಿಗೆ ಕೊಡುತ್ತಿದ್ದರು. ಪಾಮರ್ ಅವರದು ಎರಡು ಅಕ್ಷರವಾದರೂ ಉಳಿಯಿತು. ಇವರದು ಅದೂ ಇಲ್ಲ. ನನಗೆ ಇದು ಜಾಸ್ತಿ ನೋವು.

ಶಹಾಬಾದ್ ಹುಡುಗ:
ಸರ್, ನೆಲಕ್ಕೆ ಹಾಸುವ ನಮ್ಮ ಫರಸಿಯೂ ಸುಣ್ಣದ ಕಲ್ಲೇ. ಅದರ ಮೇಲೆ ಆಗುತ್ತಾ?

ಹಳೆ ಪ್ರೆಸ್ಸಿನವ:
ಪ್ರೆಸ್ಸಿನವರು ಮೆಚ್ಚುತ್ತಿದ್ದದ್ದು ಜರ್ಮನಿಯ ಸೋಲ್ನ್‌ಹೋಫೆನ್ ಕಲ್ಲು, ಅದು ತುಂಬಾ ನುಣುಪು. ಆದರೂ ಫರಸಿ ತುಂಡನ್ನು ಚೆನ್ನಾಗಿ ತಿಕ್ಕಿ ಮಕ್ಕಳ ಕೈಗೆ ಕೊಡಿ ಮೇಡಂ. ಜಿಡ್ಡು, ನೀರಿನ ಆಟ ಕಣ್ಣಿಗೆ ಕಾಣುತ್ತದೆ.

ಡ್ರಾಯಿಂಗ್ ಟೀಚರ್, ಕಲಬುರಗಿ:
ಸರ್, ತುಂಬಾ ಉಪಕಾರ. ಮನೆ ಕಟ್ಟುವವರ ಹತ್ತಿರ ಒಡೆದ ಫರಸಿ ತುಂಡು ಕೇಳಿ ತಂದೆವು. ಮರಳು, ನೀರು ಹಾಕಿ ಎರಡು ದಿನ ತಿಕ್ಕಿದೆವು. ಮೇಣದ ಬಣ್ಣದ ಕಡ್ಡಿಯಿಂದ ಗೆರೆ ಎಳೆದು ನೀರು ಹಾಕಿದರೆ, ಗೆರೆ ಮೇಲೆ ನೀರು ನಿಲ್ಲಲೇ ಇಲ್ಲ. ಮಕ್ಕಳು ಕಿರುಚಿದ್ದೇ ಕಿರುಚಿದ್ದು. ಪ್ರಶ್ನೆ ಕೇಳಿದ ಹುಡುಗಿ ಕನ್ನಡಿ ಹಿಡಿದುಕೊಂಡು ‘ಫ್ರಾನ್ಸಿಸ್ ಫ್ಲೋರಾ ಪಾಮರ್’ ಅಂತ ಕನ್ನಡದಲ್ಲಿ ಉಲ್ಟಾ ಬರೆದಳು. ಒತ್ತಕ್ಷರ ತಿರುಗಿಸುವುದರಲ್ಲೇ ಒಂದು ಪೀರಿಯಡ್ ಹೋಯಿತು. ಶಾಯಿ ಹಚ್ಚಿ ಒತ್ತಿದಾಗ ‘ಫ್ಲೋರಾ’ ಮಾತ್ರ ಮೂಡಿತು. ನಾಳೆ ಮತ್ತೆ ತಿಕ್ಕುತ್ತೇವೆ.