ಕೊರಿಯಾದ ವಾಂಗ್‌ಮಂದು: ಮೇಲೆ ಸುಕ್ಕು, ಅಡಿ ಒದ್ದೆ. ತಪ್ಪುವುದು ಎಲ್ಲಿ?

ಕುಂಬಳೆಕರೆ:
ಖಾರದ ಕೋಳಿ ಹೂರಣದ ವಾಂಗ್‌ಮಂದು, ಅಂದರೆ ಈಸ್ಟ್ ಹಾಕಿದ ದೊಡ್ಡ ಹಬೆ ಬನ್ನು, ಸರಿ ಬರ್ತಾ ಇಲ್ಲ. ಮೈದಾ 300 ಗ್ರಾಂ, ನೀರು 200 ಮಿಲಿ, ಇನ್‌ಸ್ಟಂಟ್ ಈಸ್ಟ್ 1 ಟೀ ಚಮಚ, ಸಕ್ಕರೆ, ಉಪ್ಪು, ಚಿಟಿಕೆ ಅಪ್ಪಸೋಡ. ಹಿಟ್ಟು 2 ಗಂಟೆ ಇಟ್ಟದ್ದು, ಹೂರಣ ತುಂಬಿಸಿ ಮತ್ತೆ ಮುಕ್ಕಾಲು ಗಂಟೆ. ಹೂರಣಕ್ಕೆ ಕೋಳಿಯ ಎದೆಭಾಗದ ಕೀಮಾ 250 ಗ್ರಾಂ, ಹಸಿ ಕೋಸು 200 ಗ್ರಾಂ, ಬೆಳ್ಳುಳ್ಳಿ, ಸೋಯಾ ಸಾಸ್, ಕಾಶ್ಮೀರಿ ಮೆಣಸಿನ ಹುಡಿ. ಇಡ್ಲಿ ತಟ್ಟೆಯ ಗುಳಿಯಲ್ಲಿ ಬಾಳೆಲೆ ಹಾಕಿ 20 ನಿಮಿಷ ಜೋರು ಬೆಂಕಿ. ಮುಚ್ಚಳ ತೆಗೆದ ಅರೆ ನಿಮಿಷದಲ್ಲಿ ಸುಕ್ಕುಗಟ್ಟಿ ಇಳಿತದೆ. ಅಡಿ ಅಂಟು, ಅಲ್ಲಲ್ಲಿ ಹಳದಿ ಕಲೆ, ಮಾಂಸ ಮಾತ್ರ ಒಣ. ಗೋಚುಜಾಂಗ್, ಅಂದರೆ ಕೊರಿಯಾದ ಮೆಣಸಿನ ಪೇಸ್ಟ್, ಸಿಗದಿದ್ದರೆ ಎಂತ ಮಾಡುವುದು?

ಬದಿಯಡ್ಕ ಅಟ್ಟಿನಳಗೆ:
ಹಳದಿ ಕಲೆ ಮತ್ತು ಮಾಂಸ ಬಿಟ್ಟರೆ ನಿಮ್ಮ ತೊಂದರೆ ಎಲ್ಲ ನೀರು, ಹೊತ್ತು, ಹಬೆಯದ್ದೇ. 300 ಗ್ರಾಂ ಮೈದಾಕ್ಕೆ 200 ಮಿಲಿ ಅಂದರೆ ಹಬೆ ಬನ್ನಿಗೆ ವಿಪರೀತ. 160 ಸಾಕು, ಮಳೆಗಾಲದಲ್ಲಿ 155. ಸಕ್ಕರೆ 25 ಗ್ರಾಂ, ಉಪ್ಪು 3, ಎಣ್ಣೆ 1 ಟೇಬಲ್ ಚಮಚ. ಕಲಸಿದಾಗ ಚಪಾತಿ ಹಿಟ್ಟಿಗಿಂತ ಸ್ವಲ್ಪ ಬಿಗಿ ಅನ್ನಿಸಬೇಕು. 10 ನಿಮಿಷ ನಾದಿ.

ಹೊತ್ತು ಕೂಡ ಜಾಸ್ತಿಯಾಯಿತು. ಕಾಸರಗೋಡಿನ ಏಪ್ರಿಲ್ ಸೆಕೆಯಲ್ಲಿ ಹಿಟ್ಟು ಮುಕ್ಕಾಲು ಗಂಟೆಯಲ್ಲೇ ಇಮ್ಮಡಿಯಾಗ್ತದೆ. ತುಂಬಿಸಿದ ಮೇಲೆ 15–20 ನಿಮಿಷ, ಒಂದೂವರೆ ಪಟ್ಟು ಆದರೆ ಸಾಕು, ಇಮ್ಮಡಿಗೆ ಕಾಯಬೇಡಿ. ಬೆರಳಿನಿಂದ ಮೆಲ್ಲ ಒತ್ತಿದರೆ ಗುಳಿ ನಿಧಾನಕ್ಕೆ ಮೇಲೆ ಬರಬೇಕು. ಬಾರದೆ ಹಾಗೇ ನಿಂತರೆ ಹುದುಗು ಮೀರಿತು. ಹಾಗೆ ಮೀರಿದ ಹಿಟ್ಟಿನ ಗುಳ್ಳೆಗಳ ಗೋಡೆ ತೆಳು. ಮುಚ್ಚಳ ತೆಗೆದ ಕೂಡಲೇ ಒಳಗಿನ ಹಬೆ ತಣಿದು ನೀರಾಗಿ ಒತ್ತಡ ಬೀಳ್ತದೆ, ಗೋಡೆ ಒಳಕ್ಕೆ ಎಳೆದುಕೊಳ್ತದೆ. ಸುಕ್ಕು ಅಂದರೆ ಅದೇ. ಅದಕ್ಕೇ ಬೆಂಕಿ ನಂದಿಸಿದ ಮೇಲೆ ಮುಚ್ಚಳವನ್ನು ಒಂದು ಬೆರಳಷ್ಟು ಸರಿಸಿ 4–5 ನಿಮಿಷ ಬಿಟ್ಟು ತೆಗೆಯಿರಿ.

ಜೋರು ಬೆಂಕಿ ಬೇಡ, ಮಧ್ಯಮ ಉರಿಯಲ್ಲಿ 15 ನಿಮಿಷ. ಮುಚ್ಚಳಕ್ಕೆ ಬೈರಾಸು (ಟವೆಲ್) ಸುತ್ತಿ, ತುದಿಗಳನ್ನು ಮೇಲೆ ಗಂಟು ಹಾಕಿ. ಕೆಳಗೆ ಜೋತರೆ ಬೆಂಕಿ ಹಿಡಿದೀತು. ಇಡ್ಲಿ ಗುಳಿಯಲ್ಲಿ ಇಟ್ಟರೆ ಹನಿ ಇಳಿದು ಅಲ್ಲೇ ನಿಲ್ತದೆ. ಅಟ್ಟಿನಳಗೆಯ, ಅಂದರೆ ಹಬೆ ಪಾತ್ರೆಯ, ತೂತಿನ ಚಪ್ಪಟೆ ತಟ್ಟೆಯೇ ಸರಿ. ಬಾಳೆಲೆ ಹಾಸುವುದಾದರೆ ಬಾಡಿಸಿ, ಸೂಜಿಯಲ್ಲಿ ಹತ್ತಾರು ಕಡೆ ಚುಚ್ಚಿ. ಅರಶಿನ ಎಲೆ ಮಾತ್ರ ಬೇಡ, ಎಳ್ಳೆಣ್ಣೆಯ ಪರಿಮಳಕ್ಕೆ ಅದರ ಘಮ ಹೊಂದುವುದಿಲ್ಲ. ಅದು ಆ ಎಲೆಯಲ್ಲೇ ಬೇಯಿಸುವ ‘ಗಟ್ಟಿ’ ಕಡುಬಿಗೇ ಇರಲಿ.

ಮಂಜೇಶ್ವರ ಮಸಾಲೆ:
ಹಳದಿ ಕಲೆ ಅಪ್ಪಸೋಡದ್ದು. ಕ್ಷಾರ ತಾಗಿದ ಮೈದಾ ಹಳದಿಗೆ ತಿರುಗ್ತದೆ, ಕರಗದೆ ಉಳಿದ ಕಾಳು ಇದ್ದಲ್ಲಿ ಚುಕ್ಕೆ. ಈಸ್ಟ್ ಇರುವಾಗ ಸೋಡ ಬೇಡವೇ ಬೇಡ. ಇನ್ನೂ ಮೆತ್ತಗೆ ಬೇಕಾದರೆ ಬೇಕಿಂಗ್ ಪೌಡರ್ ಅರ್ಧ ಟೀ ಚಮಚ ಮೈದಾದ ಜೊತೆ ಜರಡಿ ಹಿಡಿಯಿರಿ.

ಈಗ ಖಾರ. ಗೋಚುಜಾಂಗ್ ಬರೇ ಮೆಣಸಿನ ಪೇಸ್ಟ್ ಅಲ್ಲ. ಮೆಣಸಿನ ಹುಡಿ, ಅಂಟಕ್ಕಿ, ಹುದುಗಿಸಿದ ಸೋಯಾ ಗಟ್ಟಿಯ ಹುಡಿ, ಉಪ್ಪು ಸೇರಿಸಿ ತಿಂಗಳುಗಟ್ಟಲೆ ಇಟ್ಟದ್ದು. ಅದರ ಸಿಹಿ, ಹುಳಿ, ಆಳ ಮನೆಯಲ್ಲಿ ಒಂದು ದಿನಕ್ಕೆ ಬಾರದು. ಹತ್ತಿರ ಹೋಗಬಹುದು: ಬ್ಯಾಡಗಿ ಮೆಣಸು 8, ಬೀಜ ತೆಗೆದು ಬಿಸಿ ನೀರಲ್ಲಿ ನೆನೆಸಿ, ಬೆಲ್ಲ 1 ಟೀ ಚಮಚ, ಸೋಯಾ ಸಾಸ್ 1 ಟೇಬಲ್ ಚಮಚ ಹಾಕಿ ನುಣ್ಣಗೆ ಅರೆದು, ಬಾಣಲೆಯಲ್ಲಿ ನೀರು ಆರುವವರೆಗೆ ಕೆದಕಿ. ತಣಿಸದೆ ಕೀಮಾಕ್ಕೆ ಹಾಕಬೇಡಿ. ಗೋಚುಗಾರು, ಅಂದರೆ ಅವರ ಮೆಣಸಿನ ಹುಡಿ, ಅದರ ಬದಲಿಗೆ ಬ್ಯಾಡಗಿಯನ್ನೇ ತರಿತರಿಯಾಗಿ ಹುಡಿ ಮಾಡಿ. ನುಣ್ಣಗಿನ ಕಾಶ್ಮೀರಿ ಹುಡಿ ಹೂರಣವನ್ನು ಕೆಸರಿನ ಹಾಗೆ ಮಾಡ್ತದೆ. ಗೋಚುಜಾಂಗ್ ಸಿಕ್ಕಿದರೆ 250 ಗ್ರಾಂ ಕೀಮಾಕ್ಕೆ 1 ಟೇಬಲ್ ಚಮಚ ಸಾಕು, ಉಪ್ಪು ಅದರಲ್ಲೇ ಉಂಟು. ಕೆಲವು ಡಬ್ಬಿಗಳಲ್ಲಿ ಮದ್ಯಸಾರ ಸೇರಿಸಿರ್ತಾರೆ. ಅದು ವರ್ಜ್ಯ ಇರುವ ಮನೆಯವರು ಲೇಬಲ್ ನೋಡಿಯೇ ತನ್ನಿ.

ಉಪ್ಪಳ:
ಇಬ್ಬರೂ ಮಾಂಸ ಮುಟ್ಟಲಿಲ್ಲ! ಎದೆಭಾಗದಲ್ಲಿ ಕೊಬ್ಬಿಲ್ಲ, ಅದು ಒಣಗಿಯೇ ಒಣಗ್ತದೆ. ಕೊರಿಯಾದಲ್ಲಿ ಹೆಚ್ಚು ಬಳಕೆ ಹಂದಿ ಮಾಂಸ. ಕೋಳಿಯಾದರೆ ತೊಡೆ ಮಾಂಸವನ್ನು ಚರ್ಮದ ಸಮೇತ ಕೊಚ್ಚಿಸಿ.

200 ಗ್ರಾಂ ಕೋಸಿಗೆ ಮುಕ್ಕಾಲು ಟೀ ಚಮಚ ಉಪ್ಪು ತಿಕ್ಕಿ 20 ನಿಮಿಷ ಬಿಡಿ. ಬಟ್ಟೆಯಲ್ಲಿ ಕಟ್ಟಿ ಹಿಂಡಿದ ಮೇಲೆ ತೂಕ 130ರ ಆಸುಪಾಸಿಗೆ ಇಳಿಯಬೇಕು. ಇಳಿಯದಿದ್ದರೆ ಆ ನೀರು ಬನ್ನಿನೊಳಗೆ ಬಿಟ್ಟು, ಹೂರಣದ ಸುತ್ತ ಹಿಟ್ಟು ಹಸಿಹಸಿ ಉಳಿತದೆ. ಕಿಮ್ಚಿ, ಅಂದರೆ ಅವರ ಹುದುಗಿಸಿದ ಕೋಸು, ಹಾಕುವವರೂ ಹಿಂಡಿಯೇ ಹಾಕಬೇಕು. ಕೀಮಾಕ್ಕೆ ಮೊದಲು ಸೋಯಾ ಸಾಸ್ ಮತ್ತು ಮೆಣಸಿನ ಪೇಸ್ಟ್ ಹಾಕಿ, ಕೈಗೆ ಅಂಟುವವರೆಗೆ ಒಂದೇ ದಿಕ್ಕಿಗೆ ಕಲಸಿ. ಆಮೇಲೆ ಕೋಸು, ನೀರುಳ್ಳಿ ಸೊಪ್ಪು, ಶುಂಠಿ, ಬೆಳ್ಳುಳ್ಳಿ. ಎಳ್ಳೆಣ್ಣೆ 1 ಟೇಬಲ್ ಚಮಚ ಕಡೆಗೆ. ಅದು ಹುರಿದ ಎಳ್ಳಿನದ್ದಾಗಬೇಕು, ಗಾಣದ ಹಸಿ ಎಣ್ಣೆ ಅಲ್ಲ. ಅರ್ಧ ಗಂಟೆ ಫ್ರಿಡ್ಜಿನಲ್ಲಿಟ್ಟರೆ ತುಂಬಿಸಲು ಸುಲಭ.

ಹಿಟ್ಟು 50 ಗ್ರಾಮಿನ 10 ಉಂಡೆ, ಹೂರಣ 40 ಗ್ರಾಮಿನಂತೆ. ಲಟ್ಟಿಸುವಾಗ ನಡು ದಪ್ಪ, ಅಂಚು ತೆಳು, ಅಗಲ 11 ಸೆಂಟಿಮೀಟರ್. ನಡು ತೆಳುವಾದರೆ ಅಡಿಯಲ್ಲೇ ಒಡೆದು ಕೆಂಪು ಎಣ್ಣೆ ಸೋರ್ತದೆ. ಅಂಚಿಗೆ ಎಣ್ಣೆ ತಾಗಿದರೆ ನೆರಿಗೆ ಕೂಡುವುದಿಲ್ಲ, ಬೇಯುವಾಗ ಬಾಯಿ ಬಿಡ್ತದೆ.

ಕುಂಬಳೆಕರೆ:
ನೀರು 160ಕ್ಕೆ ಇಳಿಸಿ, ಸೋಡ ಬಿಟ್ಟು ಮಾಡ್ತೇನೆ. ಹತ್ತೂ ಒಂದೇ ದಿನ ಖರ್ಚಾಗದಿದ್ದರೆ?

ಉಪ್ಪಳ:
ಬೇಯಿಸಿ, ಪೂರ್ತಿ ತಣಿಸಿ ಫ್ರೀಜರಿಗೆ. ಹಸಿಯಾಗಿ ಇಟ್ಟರೆ ಈಸ್ಟ್ ಸೊರಗ್ತದೆ. ತಿನ್ನುವಾಗ ಕರಗಿಸದೆ ನೇರ ಹಬೆಗೆ ಇಡಿ, 12 ನಿಮಿಷ, ನಡು ಸುಡುವಷ್ಟು ಬಿಸಿಯಾಗಬೇಕು. ಮೈಕ್ರೋವೇವ್‌ನಲ್ಲಿ ಬರೇ ಹಾಗೇ ಇಟ್ಟರೆ ಹತ್ತು ನಿಮಿಷದಲ್ಲಿ ಕಲ್ಲು.